ಜಿಸಿಸಿ ಎನ್ನಬೇಕೇ, ಜಿ++ ಎನ್ನಬೇಕೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲವನ್ನು ಕುರಿತಿದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ: ಸಿ ಅಥವಾ ಸಿ++ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಕಂಪೈಲ್ ಮಾಡಲು, ಅಂದರೆ ಯಂತ್ರಭಾಷೆಗೆ ತಿರುಗಿಸಲು, ಯಾವ ಆಜ್ಞೆಯನ್ನು ಕೊಡಬೇಕು? ಆಜ್ಞೆಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಉಬುಂಟುವಿನಲ್ಲಿ ಸಿ++ ಪ್ರೋಗ್ರಾಮ್ ಬರೆದು ‘ಜಿಸಿಸಿ’ ಎಂದು ಕೊಟ್ಟರೆ ಪರದೆಯ ತುಂಬ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಾಲುಗಳು ಬರುತ್ತವೆ. ಅದೇ ಫೈಲನ್ನು ನನ್ನ ಗೆಳತಿ ‘ಜಿ++’ ಎಂದು ಕೊಟ್ಟಾಗ ಯಾವ ತಕರಾರೂ ಇಲ್ಲದೆ ಓಡುತ್ತದೆ. ಎರಡೂ ಒಂದೇ ಕಂಪೈಲರ್ ಎಂದು ನಮ್ಮ ಮೇಷ್ಟ್ರು ಹೇಳುತ್ತಾರೆ. ಒಂದೇ ಆದರೆ ಹೀಗೇಕೆ ಆಗುತ್ತದೆ? – ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದೂ ಸರಿ, ನೀವು ಕಂಡದ್ದೂ ಸರಿ. ‘ಜಿಸಿಸಿ’ಯಾಗಲಿ ‘ಜಿ++’ ಆಗಲಿ ತಾವೇ ಕೂತು ನಿಮ್ಮ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವುದಿಲ್ಲ. ಅವು ಮನೆ ಕಟ್ಟಿಸುವ ಮೇಸ್ತ್ರಿಗಳಂತೆ. ಮೇಸ್ತ್ರಿ ತಾನೇ ಕರಣೆ ಹಿಡಿಯುವುದಿಲ್ಲ, ಗಾರೆಯವರನ್ನೂ ಬಡಗಿಯನ್ನೂ ಸರದಿಯಂತೆ ಕರೆಸಿ ಯಾರಿಗೆ ಯಾವ ಸಾಮಾನು ಬೇಕೋ ಅದನ್ನು ಒದಗಿಸುತ್ತಾನೆ. ಹಾಗೆಯೇ ನೀವು ‘ಜಿಸಿಸಿ’ ಎಂದಾಗ ಮೊದಲು ಸಿ ಭಾಷೆಗಾದರೆ ‘ಸಿಸಿ1’ ಎಂಬ, ಸಿ++ ಭಾಷೆಗಾದರೆ ‘ಸಿಸಿ1ಪ್ಲಸ್’ ಎಂಬ ನಿಜವಾದ ಕಂಪೈಲರ್ ಬಂದು ಅಸೆಂಬ್ಲಿ ಬರೆದುಕೊಡುತ್ತದೆ. ಆಮೇಲೆ ಅಸೆಂಬ್ಲರ್ ಬಂದು ಅದನ್ನು ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಕೊನೆಗೆ ಲಿಂಕರ್ ಬಂದು ಆಬ್ಜೆಕ್ಟ್ ಫೈಲುಗಳನ್ನೂ ಲೈಬ್ರರಿಗಳನ್ನೂ ಹೊಂದಿಸಿ ಓಡಬಲ್ಲ ಪ್ರೋಗ್ರಾಮನ್ನು ಕೊಡುತ್ತದೆ. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಗಾಗಿ ಇದನ್ನು ಹೊರತಂದಾಗ ಜಿಸಿಸಿ ಎಂದರೆ ‘ಗ್ನೂ ಸಿ ಕಂಪೈಲರ್’ ಎಂದೇ ಅರ್ಥವಿತ್ತು. ಸಿ++, ಫೋರ್ಟ್ರಾನ್ ಮುಂತಾದ ಭಾಷೆಗಳೂ ಅದರೊಳಗೆ ಸೇರಿದ ಮೇಲೆ, 1999ರಲ್ಲಿ, ಅದೇ ಮೂರಕ್ಷರಗಳಿಗೆ ‘ಗ್ನೂ ಕಂಪೈಲರ್ ಕಲೆಕ್ಷನ್’ ಎಂಬ ಹೊಸ ವಿಸ್ತರಣೆ ಬಂತು. ಮೇಷ್ಟ್ರು ‘ಎರಡೂ ಒಂದೇ’ ಎನ್ನುವುದು ಈ ಅರ್ಥದಲ್ಲಿ.

ಈಗ ವ್ಯತ್ಯಾಸಕ್ಕೆ ಬರೋಣ. ಈ ಮೇಸ್ತ್ರಿ ಎರಡು ತೀರ್ಮಾನಗಳನ್ನು ಎರಡು ಬೇರೆ ಗುರುತುಗಳನ್ನು ನೋಡಿ ಮಾಡುತ್ತಾನೆ. ಫೈಲಿನ ಹೆಸರಿನ ಬಾಲವನ್ನು ನೋಡಿ ಭಾಷೆ ಯಾವುದೆಂದು ತಿಳಿಯುತ್ತಾನೆ. ನೀವು ಕರೆದ ಆಜ್ಞೆಯ ಹೆಸರನ್ನು ನೋಡಿ ಕೊನೆಯಲ್ಲಿ ಯಾವ ಲೈಬ್ರರಿಯನ್ನು ಸೇರಿಸಬೇಕೆಂದು ತಿಳಿಯುತ್ತಾನೆ. ನಿಮ್ಮ ಫೈಲಿನ ಬಾಲ ‘.ಸಿಪಿಪಿ’ ಎಂದಿರುವುದರಿಂದ ‘ಜಿಸಿಸಿ’ ಎಂದರೂ ಅದು ಸಿ++ ಎಂದೇ ಸರಿಯಾಗಿ ಕಂಪೈಲ್ ಆಗಿದೆ. ಸೋತಿರುವುದು ಕೊನೆಯ ಹಂತದಲ್ಲಿ: ‘ಸಿಔಟ್’ನಂಥ ಸಿ++ ಸಾಮಗ್ರಿಗಳು ಇರುವ ‘ಲಿಬ್‌ಎಸ್‌ಟಿಡಿಸಿ++’ ಎಂಬ ಲೈಬ್ರರಿಯನ್ನು ‘ಜಿಸಿಸಿ’ ತಾನಾಗಿ ತರುವುದಿಲ್ಲ, ‘ಜಿ++’ ತರುತ್ತದೆ. ದೋಷ ಸಂದೇಶಗಳ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ ನೋಡಿ. ‘ಕಲೆಕ್ಟ್2’ ಎಂದು ಶುರುವಾಗಿ ‘ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್’ ಎಂದು ಮುಗಿದಿರುತ್ತದೆ. ‘ಎಲ್‌ಡಿ’ ಎಂದರೆ ಲಿಂಕರ್. ಆ ಸಾಲು ಕಂಡರೆ ನಿಮ್ಮ ಪ್ರೋಗ್ರಾಮಿನ ವ್ಯಾಕರಣದಲ್ಲಿ ತಪ್ಪಿಲ್ಲ, ಲಿಂಕರಿಗೆ ಯಾವುದೋ ಸಾಮಾನು ಸಿಕ್ಕಿಲ್ಲ ಎಂದು ತಿಳಿಯಬೇಕು. ಈ ಒಂದು ಸಾಲನ್ನು ಓದದೆ, ಸರಿಯಾಗಿದ್ದ ಪ್ರೋಗ್ರಾಮನ್ನು ಅರ್ಧ ಗಂಟೆ ತಿದ್ದುತ್ತ ಕೂತ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ‘ಜಿಸಿಸಿ’ ಎಂದಾದ ಮೇಲೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿದಂತೆ ಮೂರು ಹ್ಯಾಶ್ ಗುರುತು ಹಾಕಿ ಫೈಲಿನ ಹೆಸರು ಕೊಡಿ. ಮೇಸ್ತ್ರಿ ಯಾರನ್ನೂ ಕರೆಯದೆ, ಯಾರ್‍ಯಾರನ್ನು ಯಾವ ಕ್ರಮದಲ್ಲಿ ಕರೆಯಲಿದ್ದೇನೆ ಎಂಬುದನ್ನಷ್ಟೇ ಪರದೆಯ ಮೇಲೆ ಬರೆಯುತ್ತಾನೆ. ಅದೇ ರೀತಿ ‘ಜಿ++’ಗೂ ಮಾಡಿ ಎರಡನ್ನೂ ಹೋಲಿಸಿ. ಮೊದಲ ಎರಡು ಕರೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಲಿಂಕರನ್ನು ಕರೆಯುವ ಉದ್ದನೆಯ ಕೊನೆಯ ಸಾಲಿನಲ್ಲಿ ಮಾತ್ರ, ‘ಜಿ++’ ಕಡೆಯಲ್ಲಿ, ‘-ಎಲ್‌ಎಸ್‌ಟಿಡಿಸಿ++’ ಮತ್ತು ‘-ಎಲ್‌ಎಂ’ ಎಂಬ ಎರಡು ಪದಗಳು ಹೆಚ್ಚಾಗಿರುತ್ತವೆ. ಒಮ್ಮೆ ಇದನ್ನು ಕಂಡವರಿಗೆ ಈ ಗೊಂದಲ ಮತ್ತೆ ಬರುವುದಿಲ್ಲ.

ಹಾಗಾದರೆ ‘ಜಿಸಿಸಿ’ಯ ಜೊತೆ ಆ ಲೈಬ್ರರಿಯ ಹೆಸರನ್ನು ಕೈಯಾರೆ ಸೇರಿಸಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ, ಆದರೆ ‘ಜಿ++’ ಎಂಬ ಆಜ್ಞೆ ಇರುವುದೇ ಆ ಕೆಲಸಕ್ಕಾಗಿ, ಅದನ್ನೇ ಬಳಸಿ. ಇದರ ತದ್ವಿರುದ್ಧವಾದ ಅಭ್ಯಾಸ ಇದಕ್ಕಿಂತ ಅಪಾಯಕಾರಿ: ‘ಹೇಗೂ ಎಲ್ಲಕ್ಕೂ ಕೆಲಸ ಮಾಡುತ್ತದೆ’ ಎಂದು ಸಿ ಪ್ರೋಗ್ರಾಮುಗಳಿಗೂ ‘ಜಿ++’ ಕೊಡುವುದು. ‘ಜಿ++’ ಮಾತ್ರ ಈ ಬಾಲವನ್ನು ಲೆಕ್ಕಿಸದೆ ತನ್ನ ಕೈಗೆ ಬಂದ ‘.ಸಿ’ ಫೈಲನ್ನೂ ಸಿ++ ಎಂದೇ ಓದುತ್ತದೆ, ಮತ್ತು ಇವೆರಡೂ ಬೇರೆ ಬೇರೆ ಭಾಷೆಗಳು. ಒಂಟಿ ಉದ್ಧರಣೆಯೊಳಗೆ ಒಂದು ಅಕ್ಷರವಿಟ್ಟು ಅದಕ್ಕೆ ‘ಸೈಜ್‌ಆಫ್’ ಹಾಕಿ ಮುದ್ರಿಸಿ ನೋಡಿ. ‘ಜಿಸಿಸಿ’ಯಿಂದ ಕಂಪೈಲ್ ಮಾಡಿದರೆ 4 ಎಂದು ಬರುತ್ತದೆ, ‘ಜಿ++’ನಿಂದಾದರೆ 1, ಏಕೆಂದರೆ ಸಿ ಭಾಷೆಯಲ್ಲಿ ಅದು ಇಂಟ್, ಸಿ++ನಲ್ಲಿ ಕ್ಯಾರ್. ಒಂದೇ ಫೈಲು, ಒಂದೇ ಯಂತ್ರ, ಆಜ್ಞೆ ಬದಲಾದುದಕ್ಕೆ ಉತ್ತರ ಬದಲಾಯಿತು. ‘ಮ್ಯಾಲಾಕ್’ ಕೊಟ್ಟ ವಿಳಾಸವನ್ನು ಕಾಸ್ಟ್ ಮಾಡದೆ ಪಾಯಿಂಟರಿಗೆ ಹಾಕುವುದು ಸಿ ಭಾಷೆಯಲ್ಲಿ ಸರಿಯಾದ ಬರವಣಿಗೆ, ‘ಜಿ++’ ಅದನ್ನು ತಪ್ಪೆಂದು ತಳ್ಳಿಬಿಡುತ್ತದೆ.

ಎರಡೂ ಭಾಷೆಗಳು ಕೂಡಿದ ಕೆಲಸವಾದರೆ ಪ್ರತಿ ಫೈಲನ್ನೂ ಅದರದರ ಆಜ್ಞೆಯಿಂದಲೇ ‘-ಸಿ’ ಸೂಚನೆ ಕೊಟ್ಟು ಆಬ್ಜೆಕ್ಟ್ ಫೈಲ್ ಮಾಡಿಕೊಂಡು, ಕೊನೆಯಲ್ಲಿ ಎಲ್ಲವನ್ನೂ ‘ಜಿ++’ ಕೈಗೆ ಕೊಡಿ. ಆಗಲೂ ಒಂದು ತೊಡಕು ಉಳಿಯುತ್ತದೆ. ಎರಡು ಪೂರ್ಣಾಂಕ ಕೂಡಿಸುವ ‘ಆ್ಯಡ್’ ಎಂಬ ಫಂಕ್ಷನ್ ಸಿ ಆಬ್ಜೆಕ್ಟ್ ಫೈಲಿನಲ್ಲಿ ‘ಆ್ಯಡ್’ ಎಂದೇ ಇರುತ್ತದೆ. ಸಿ++ ಅದಕ್ಕೆ ‘_ಝಡ್3ಆ್ಯಡ್‌ಐಐ’ ಎಂದು ಹೆಸರಿಡುತ್ತದೆ, ಒಂದೇ ಹೆಸರಿನ ಹಲವು ಫಂಕ್ಷನ್‌ಗಳನ್ನು ಆರ್ಗ್ಯುಮೆಂಟುಗಳಿಂದ ಬೇರ್ಪಡಿಸಬೇಕಾದ್ದರಿಂದ. ಆದ್ದರಿಂದ ಸಿ ಫಂಕ್ಷನ್‌ಗಳನ್ನು ಸಿ++ ಕಡೆಯಲ್ಲಿ ಘೋಷಿಸುವಾಗ ಉದ್ಧರಣೆಯಲ್ಲಿ ದೊಡ್ಡಕ್ಷರದ ಸಿ ಇರುವ ‘ಎಕ್ಸ್‌ಟರ್ನ್’ ಎಂಬ ಘೋಷಣೆ ಬೇಕು; ಅದನ್ನು ಮರೆತರೆ ಅದೇ ‘ಅನ್‌ಡಿಫೈನ್ಡ್ ರೆಫರೆನ್ಸ್’ ಮತ್ತೆ ಬರುತ್ತದೆ.

ಬಾಲದ ಬಗ್ಗೆ ಇನ್ನೊಂದು ಮಾತು. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದು ತಂದ ಫೈಲುಗಳು ಎಷ್ಟೋ ಸಲ ‘.ಸಿಪಿಪಿ’ ಆದ ಮೇಲೆ ‘.ಟಿಎಕ್ಸ್‌ಟಿ’ ಎಂಬ ಎರಡನೆಯ ಬಾಲವನ್ನೂ ಅಂಟಿಸಿಕೊಂಡಿರುತ್ತವೆ. ಮೇಸ್ತ್ರಿಗೆ ಆ ಬಾಲದ ಪರಿಚಯವಿಲ್ಲದ್ದರಿಂದ ಫೈಲನ್ನು ನೇರವಾಗಿ ಲಿಂಕರಿಗೆ ದಾಟಿಸುತ್ತಾನೆ, ಲಿಂಕರ್ ‘ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್’ ಎನ್ನುತ್ತದೆ. ಹೆಸರು ಬದಲಾಯಿಸಿದರೆ ಸಾಕು.

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಲ್ಯಾಬಿನಲ್ಲಿ ಈ ವರ್ಷ ಟರ್ಬೊ ಸಿ ಬಿಟ್ಟು ಲಿನಕ್ಸಿಗೆ ಬಂದಿದ್ದೇವೆ. ಹಳೆಯ ಪ್ರೋಗ್ರಾಮುಗಳು ಒಂದೂ ನೆಟ್ಟಗೆ ಕಂಪೈಲ್ ಆಗುತ್ತಿಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ಬರೆಸಬಹುದಾದ ಒಂದೇ ಆಜ್ಞೆಯನ್ನು ಸೂಚಿಸುತ್ತೀರಾ? – ಕಲಬುರಗಿಯ ಉಪನ್ಯಾಸಕರು

ಉತ್ತರ: ತಾವು ಮಾಡಿದ ಬದಲಾವಣೆಯನ್ನು ಮನಸಾರೆ ಸ್ವಾಗತಿಸುತ್ತೇನೆ. ಡಾಸ್ ಕಾಲದ ಆ ನೀಲಿ ಪರದೆಯನ್ನು ಡಾಸ್‌ಬಾಕ್ಸ್ ಎಂಬ ಅನುಕರಣೆಯೊಳಗೆ ಇಂದಿಗೂ ಓಡಿಸುತ್ತಿರುವ ಲ್ಯಾಬುಗಳು ನಮ್ಮಲ್ಲಿ ಇವೆ, ಮತ್ತು ಅದರ ಬೆಲೆ ತೆರುತ್ತಿರುವವರು ಮಕ್ಕಳು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದಾಗ ಕಂಡದ್ದು ಇದು: ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಬರೆದ ವಿದ್ಯಾರ್ಥಿಯೊಬ್ಬಳ ಪರದೆಯ ಮೇಲೆ 8ರ ಫ್ಯಾಕ್ಟೋರಿಯಲ್ 40320 ಎಂದು ಬಂದಿತ್ತು, ಅವಳ ರೆಕಾರ್ಡ್ ಪುಸ್ತಕದಲ್ಲಿ, ಸಹಿಯೊಂದಿಗೆ, -25216 ಎಂದಿತ್ತು. ಸರಿಯಾದ ಉತ್ತರವನ್ನೇ ತಪ್ಪೆಂದು ತಿಳಿದು ಆ ಹುಡುಗಿ ಅಳುವುದೊಂದು ಬಾಕಿ. ಟರ್ಬೊ ಸಿಯಲ್ಲಿ ಇಂಟ್ ಎಂದರೆ 16 ಬಿಟ್, ಅದರಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. 40320ರಿಂದ 65536 ಕಳೆದರೆ ಬರುವುದೇ ಆ ಋಣಸಂಖ್ಯೆ. ಲಿನಕ್ಸಿನ ಜಿಸಿಸಿಯಲ್ಲಿ ಇಂಟ್ 32 ಬಿಟ್ ಇರುವುದರಿಂದ 12ರ ಫ್ಯಾಕ್ಟೋರಿಯಲ್ಲಿನವರೆಗೂ ಸರಿಯಾದ ಉತ್ತರ ಬರುತ್ತದೆ, 13ಕ್ಕೆ ಕೈಕೊಡುತ್ತದೆ. ಹಳೆಯ ರೆಕಾರ್ಡುಗಳಲ್ಲಿರುವ ಫಲಿತಾಂಶಗಳನ್ನು ದಯವಿಟ್ಟು ಹೊಸದಾಗಿ ಬರೆಸಿ.

ಆಜ್ಞೆಯ ವಿಚಾರಕ್ಕೆ ಬಂದರೆ, ಸಿ ಲ್ಯಾಬಿಗೆ ನಾನು ಸೂಚಿಸುವುದು ಇದು: ‘ಜಿಸಿಸಿ -ಎಸ್‌ಟಿಡಿ=ಗ್ನೂ17 -ವಾಲ್ -ಜಿ’, ಆಮೇಲೆ ಫೈಲಿನ ಹೆಸರು, ಆಮೇಲೆ ‘-ಓ’ ಮತ್ತು ಪ್ರೋಗ್ರಾಮಿಗೆ ಇಡಬೇಕಾದ ಹೆಸರು, ಎಲ್ಲಕ್ಕಿಂತ ಕೊನೆಯಲ್ಲಿ ‘-ಎಲ್‌ಎಂ’. ಗ್ನೂ ಎಂಬುದನ್ನು ಜಿ, ಎನ್, ಯು ಎಂಬ ಮೂರು ಅಕ್ಷರಗಳಲ್ಲಿ ಬರೆಯಬೇಕು. ವಾಲ್ ಎಂಬುದರಲ್ಲಿ ಡಬ್ಲ್ಯು ಮಾತ್ರ ದೊಡ್ಡಕ್ಷರ. ಇಲ್ಲಿಯ ಓ ಸಣ್ಣಕ್ಷರ. ದೊಡ್ಡ ಓ ಹಾಕಿದರೆ ಅದು ಪ್ರೋಗ್ರಾಮಿನ ವೇಗವನ್ನು ಹೆಚ್ಚಿಸುವ ಬೇರೆಯೇ ಸೂಚನೆಯಾಗುತ್ತದೆ.

ಪ್ರತಿ ಪದವೂ ಏಕೆ ಬೇಕೆಂದು ಮಕ್ಕಳಿಗೆ ಹೇಳಿಕೊಡಿ, ಮಂತ್ರದಂತೆ ಬಾಯಿಪಾಠ ಮಾಡಿಸಬೇಡಿ. ಜಿಸಿಸಿಯ ಆವೃತ್ತಿ ಬದಲಾದಂತೆ ಅದು ತಾನಾಗಿ ಅನುಸರಿಸುವ ಸಿ ಮಾನದಂಡವೂ ಬದಲಾಗುತ್ತ ಬಂದಿದೆ: 5ನೆಯ ಆವೃತ್ತಿಯಲ್ಲಿ ಸಿ11, 8ನೆಯದರಲ್ಲಿ ಸಿ17, 15ನೆಯದರಲ್ಲಿ ಸಿ23. ಒಂದೊಂದು ಯಂತ್ರದಲ್ಲಿ ಒಂದೊಂದು ಆವೃತ್ತಿ ಇರುವ ಲ್ಯಾಬಿನಲ್ಲಿ ಮಾನದಂಡವನ್ನು ನಾವೇ ಹೆಸರಿಸದಿದ್ದರೆ ಒಬ್ಬನಿಗೆ ಬಂದ ದೋಷ ಪಕ್ಕದವನಿಗೆ ಬರುವುದಿಲ್ಲ. ಬರೀ ಸಿ17 ಎನ್ನದೆ ಗ್ನೂ17 ಎಂದದ್ದಕ್ಕೂ ಕಾರಣವಿದೆ: ಬರೀ ಮಾನದಂಡದ ಹೆಸರು ಕೊಟ್ಟರೆ ವೃತ್ತದ ವಿಸ್ತೀರ್ಣಕ್ಕೆ ಬಳಸುವ, ದೊಡ್ಡಕ್ಷರದ ‘ಎಂ_ಪೈ’ಯಂಥ ಸ್ಥಿರಾಂಕಗಳು ಮರೆಯಾಗಿಬಿಡುತ್ತವೆ. ‘-ವಾಲ್’ ಎಚ್ಚರಿಕೆಗಳನ್ನು ತೋರಿಸುತ್ತದೆ, ‘-ಜಿ’ ಡಿಬಗರಿಗೆ ಬೇಕಾದ ವಿವರಗಳನ್ನು ಉಳಿಸುತ್ತದೆ.

‘-ಎಲ್‌ಎಂ’ ಕೊನೆಯಲ್ಲೇ ಏಕೆ ಎಂಬುದಕ್ಕೆ ಒಂದು ಸ್ವಾರಸ್ಯವಾದ ಪ್ರಯೋಗವಿದೆ. ಪ್ರೋಗ್ರಾಮಿನಲ್ಲಿ 16ರ ವರ್ಗಮೂಲವನ್ನು ನೇರವಾಗಿ ಕೇಳಿ, ‘-ಎಲ್‌ಎಂ’ ಇಲ್ಲದೆ ಕಂಪೈಲ್ ಮಾಡಿಸಿ: ಆಗುತ್ತದೆ. ಈಗ ಬಳಕೆದಾರರಿಂದ ಓದಿಕೊಂಡ ಸಂಖ್ಯೆಯ ವರ್ಗಮೂಲವನ್ನು ಕೇಳಿ: ‘ಅನ್‌ಡಿಫೈನ್ಡ್ ರೆಫರೆನ್ಸ್’. ಮೊದಲನೆಯದರಲ್ಲಿ ಉತ್ತರ 4 ಎಂದು ಕಂಪೈಲರೇ ಮೊದಲೇ ಲೆಕ್ಕ ಹಾಕಿ ಬರೆದುಕೊಂಡಿತ್ತು, ಲೈಬ್ರರಿಯ ಹಂಗೇ ಬೀಳಲಿಲ್ಲ. ಎರಡನೆಯದರಲ್ಲಿ ಗಣಿತದ ಲೈಬ್ರರಿ ಬೇಕು. ಉಬುಂಟುವಿನ ಲಿಂಕರ್ ಎಡದಿಂದ ಬಲಕ್ಕೆ ನಡೆಯುತ್ತ, ಅಲ್ಲಿಯವರೆಗೆ ಯಾರೂ ಕೇಳದ ಲೈಬ್ರರಿಯನ್ನು ಕೈಬಿಟ್ಟು ಮುಂದೆ ಹೋಗುವುದರಿಂದ, ಕೇಳುವ ಫೈಲು ಮೊದಲು ಬರಬೇಕು, ಕೊಡುವ ಲೈಬ್ರರಿ ಆಮೇಲೆ ಬರಬೇಕು.

ಹಳೆಯ ಪ್ರೋಗ್ರಾಮುಗಳಲ್ಲಿ ತಿದ್ದಬೇಕಾದ್ದು ಹೆಚ್ಚಿಲ್ಲ. ‘ಕೋನಿಯೊ’ ಹೆಡರ್, ‘ಕ್ಲಿಯರ್‌ಸ್ಕ್ರೀನ್’ ಮಾಡುವ ಕರೆ, ಕೊನೆಯಲ್ಲಿ ಒಂದು ಕೀಲಿಗೆ ಕಾಯುವ ‘ಗೆಟ್‌ಸಿಎಚ್’ ಇವನ್ನು ತೆಗೆದುಹಾಕಿ. ಅವು ಡಾಸ್‌ಗೆ ಸೇರಿದವು. ‘ವಾಯ್ಡ್ ಮೇನ್’ ಇರುವಲ್ಲಿ ‘ಇಂಟ್ ಮೇನ್’ ಮಾಡಿ. ‘ಗೆಟ್ಸ್’ ಎಂಬ ಫಂಕ್ಷನನ್ನು ಸಿ11 ಮಾನದಂಡವೇ ತೆಗೆದುಹಾಕಿದೆ, ಅದರ ಬದಲು ‘ಎಫ್‌ಗೆಟ್ಸ್’ ಕಲಿಸಿ. ಹೆಡರ್ ಸೇರಿಸದೆ ಫಂಕ್ಷನ್ ಕರೆಯುವುದನ್ನು ಹಳೆಯ ಜಿಸಿಸಿ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಿತ್ತು. 2024ರಲ್ಲಿ ಬಂದ 14ನೆಯ ಆವೃತ್ತಿಯಿಂದ ಅದು ದೋಷವೇ ಆಗಿದೆ.

ಟರ್ಬೊದಿಂದ ಬಂದ ಫೈಲುಗಳಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಅಪಾಯವಿದೆ. ಡಾಸ್‌ಬಾಕ್ಸ್ ಹೆಸರುಗಳನ್ನು ದೊಡ್ಡಕ್ಷರಗಳಲ್ಲಿ ಉಳಿಸುತ್ತದೆ. ಲಿನಕ್ಸಿನ ಜಿಸಿಸಿಗೆ ಸಣ್ಣಕ್ಷರದ ‘.ಸಿ’ ಎಂದರೆ ಸಿ ಭಾಷೆ, ದೊಡ್ಡಕ್ಷರದ ‘.ಸಿ’ ಎಂದರೆ ಸಿ++. ಹಾಗಾಗಿ ನಿಮ್ಮ ವಿದ್ಯಾರ್ಥಿಗಳು ‘ಜಿಸಿಸಿ’ ಎಂದು ಸರಿಯಾಗಿಯೇ ಬರೆದರೂ ಫೈಲು ಸಿ++ ಎಂದು ಕಂಪೈಲ್ ಆಗಿ, ಬರೀ ಎಚ್ಚರಿಕೆ ಬರಬೇಕಾದಲ್ಲಿ ದೋಷ ಬರುತ್ತಿರಬಹುದು. ಪೆನ್‌ಡ್ರೈವಿನಿಂದ ನಕಲು ಮಾಡಿದೊಡನೆ ಹೆಸರುಗಳನ್ನೆಲ್ಲ ಸಣ್ಣಕ್ಷರಕ್ಕೆ ಬದಲಾಯಿಸಿಬಿಡಿ.

ಪ್ರಶ್ನೆ: ಮ್ಯಾಕ್ ಕಂಪ್ಯೂಟರಿನಲ್ಲಿ ‘ಜಿಸಿಸಿ’ ಎಂದು ಕೊಟ್ಟರೆ ಕೆಲಸ ಮಾಡುತ್ತದೆ, ಆದರೆ ಅದರ ಆವೃತ್ತಿ ಕೇಳಿದರೆ ‘ಆಪಲ್ ಕ್ಲ್ಯಾಂಗ್’ ಎನ್ನುತ್ತದೆ. ಸ್ಪರ್ಧೆಗಳಿಗೆಂದು ಬರೆಯುವ ಪ್ರೋಗ್ರಾಮಿನ ಮೊದಲ ಸಾಲಿನ ‘ಬಿಟ್ಸ್’ ಹೆಡರನ್ನೂ ಒಪ್ಪುವುದಿಲ್ಲ. – ಮಂಗಳೂರಿನ ಓದುಗರು

ಉತ್ತರ: ನಿಮ್ಮ ಯಂತ್ರದಲ್ಲಿರುವುದು ಕ್ಲ್ಯಾಂಗ್. ‘ಜಿಸಿಸಿ’, ‘ಸಿಸಿ’ ಎಂಬ ಹೆಸರುಗಳನ್ನು ರೂಢಿಗಾಗಿ ಉಳಿಸಿಕೊಂಡು ಆಪಲ್ ಕಂಪನಿ ಅವುಗಳ ಹಿಂದೆ ಕ್ಲ್ಯಾಂಗನ್ನೇ ಇಟ್ಟಿದೆ. ಅದೂ ಒಳ್ಳೆಯ ಕಂಪೈಲರೇ, ಅದರ ದೋಷ ಸಂದೇಶಗಳು ಹೊಸಬರಿಗೆ ಬೇಗ ಅರ್ಥವಾಗುತ್ತವೆ. ‘ಕ್ಲ್ಯಾಂಗ್’ ಮತ್ತು ‘ಕ್ಲ್ಯಾಂಗ್++’ ಎಂಬ ಭೇದ ಅಲ್ಲಿಯೂ ಜಿಸಿಸಿಯ ಭೇದದಂತೆಯೇ ಇದೆ. ‘ಬಿಟ್ಸ್’ ಹೆಡರ್ ಮಾತ್ರ ಸಿ++ ಮಾನದಂಡದ ಭಾಗವಲ್ಲ, ಗ್ನೂ ಲೈಬ್ರರಿಯ ಸ್ವಂತ ಫೈಲು. ಆಪಲ್ ಬಳಸುವುದು ಲಿಬ್‌ಸಿ++ ಎಂಬ ಬೇರೆ ಲೈಬ್ರರಿ. ಹೋಮ್‌ಬ್ರೂ ಮೂಲಕ ನಿಜವಾದ ಜಿಸಿಸಿಯನ್ನು ಹಾಕಿಕೊಂಡರೆ ಅದು ‘ಜಿ++-14’ ಎಂಬಂತೆ ಆವೃತ್ತಿಯ ಸಂಖ್ಯೆ ಸೇರಿದ ಹೆಸರಿನಲ್ಲಿ ಬರುತ್ತದೆ. ಆ ಪೂರ್ತಿ ಹೆಸರನ್ನೇ ಆಜ್ಞೆಯಾಗಿ ಕೊಡಬೇಕು. ಬೇಕಾದ ಹೆಡರುಗಳನ್ನು ಒಂದೊಂದಾಗಿ ಬರೆಯುವ ಅಭ್ಯಾಸ ಮಾಡಿಕೊಂಡರೆ ಇದೂ ಬೇಕಾಗದು, ನನ್ನ ಒಲವು ಅದರ ಕಡೆಗೇ.

ಪ್ರಶ್ನೆ: ಸಂಶೋಧನೆಗಾಗಿ ಹಲವು ಪ್ರೊಸೆಸ್‌ಗಳನ್ನು ಒಟ್ಟಿಗೆ ದುಡಿಸುವ ಎಂಪಿಐ ಲೈಬ್ರರಿ ಬಳಸಿ ಸಿ ಪ್ರೋಗ್ರಾಮ್ ಬರೆದಿದ್ದೇನೆ. ‘ಜಿಸಿಸಿ’ ಕೊಟ್ಟರೆ ಎಂಪಿಐ ಹೆಡರ್ ಸಿಗಲಿಲ್ಲ ಎನ್ನುತ್ತದೆ. ಹಿರಿಯರೊಬ್ಬರು ‘ಎಂಪಿಐಸಿಸಿ’ ಬಳಸು ಎಂದರು, ಇನ್ನೊಬ್ಬರು ಸೂಪರ್‌ಕಂಪ್ಯೂಟರಿನಲ್ಲಿ ಬರೀ ‘ಸಿಸಿ’ ಸಾಕು ಎಂದರು. ಯಾರ ಮಾತು ಸರಿ? – ಧಾರವಾಡದ ಸಂಶೋಧನಾ ವಿದ್ಯಾರ್ಥಿ

ಉತ್ತರ: ಇಬ್ಬರ ಮಾತೂ ಅವರವರು ದುಡಿದ ಯಂತ್ರದ ಮಟ್ಟಿಗೆ ಸರಿ. ‘ಎಂಪಿಐಸಿಸಿ’ ಹೊಸ ಕಂಪೈಲರ್ ಅಲ್ಲ, ಮೇಸ್ತ್ರಿಯ ಮೇಲಿನ ಇನ್ನೊಬ್ಬ ಮೇಸ್ತ್ರಿ: ಎಂಪಿಐ ಹೆಡರುಗಳು ಎಲ್ಲಿವೆ, ಲೈಬ್ರರಿ ಎಲ್ಲಿದೆ ಎಂಬುದನ್ನು ಸೇರಿಸಿ ಜಿಸಿಸಿಯಂಥ ಕಂಪೈಲರನ್ನು ಕರೆಯುವುದಷ್ಟೇ ಅದರ ಕೆಲಸ. ಏನು ಸೇರಿಸುತ್ತದೆಂದು ನೋಡಬೇಕಾದರೆ ಓಪನ್ ಎಂಪಿಐಯಲ್ಲಿ ‘ಎಂಪಿಐಸಿಸಿ’ ಆದ ಮೇಲೆ ಎರಡು ಅಡ್ಡಗೆರೆ ಹಾಕಿ ‘ಶೋಮಿ’ ಎಂದೂ, ಎಂಪಿಐಸಿಎಚ್‌ನಲ್ಲಿ ಒಂದು ಅಡ್ಡಗೆರೆ ಹಾಕಿ ‘ಶೋ’ ಎಂದೂ ಕೊಡಿ. ಸಿ++ಗೆ ‘ಎಂಪಿಐಸಿಎಕ್ಸ್‌ಎಕ್ಸ್’, ಫೋರ್ಟ್ರಾನಿಗೆ ‘ಎಂಪಿಐಫೋರ್ಟ್’.

ಕ್ರೇ ಕಂಪನಿಯ ಯಂತ್ರಗಳಲ್ಲಿ ಪದ್ಧತಿ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ‘ಸಹಸ್ರಟಿ’ ಕ್ರೇ ಎಕ್ಸ್‌ಸಿ40 ಯಂತ್ರ. ಅಂಥ ಯಂತ್ರಗಳಲ್ಲಿ ಸಣ್ಣಕ್ಷರದ ‘ಸಿಸಿ’ ಎಂದರೆ ಸಿ, ದೊಡ್ಡಕ್ಷರದ ‘ಸಿಸಿ’ ಎಂದರೆ ಸಿ++, ‘ಎಫ್‌ಟಿಎನ್’ ಎಂದರೆ ಫೋರ್ಟ್ರಾನ್, ಮತ್ತು ಈ ಮೂರೂ ಎಂಪಿಐಯನ್ನು ತಾವಾಗಿಯೇ ಸೇರಿಸಿಕೊಳ್ಳುತ್ತವೆ. ಹಿಂದೆ ಯಾವ ಕಂಪೈಲರ್ ನಿಲ್ಲಬೇಕೆಂಬುದನ್ನು ನೀವು ‘ಮಾಡ್ಯೂಲ್’ ಆಜ್ಞೆಯಿಂದ ಲೋಡ್ ಮಾಡಿದ ಪರಿಸರ ನಿರ್ಧರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನ ‘ಸಿಸಿ’ಗೆ ಈ ಸಾಮರ್ಥ್ಯವಿಲ್ಲ, ಉಬುಂಟುವಿನಲ್ಲಿ ಅದು ಜಿಸಿಸಿಯ ಇನ್ನೊಂದು ಹೆಸರು.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ ಹೇಳಲೇಬೇಕು. ಒಂದೇ ಯಂತ್ರದಲ್ಲಿ ಎರಡು ಎಂಪಿಐಗಳಿದ್ದು, ಒಂದರ ‘ಎಂಪಿಐಸಿಸಿ’ಯಿಂದ ಕಂಪೈಲ್ ಮಾಡಿ ಇನ್ನೊಂದರ ‘ಎಂಪಿಐರನ್’ನಿಂದ ಓಡಿಸಿದರೆ ಯಾವ ದೋಷವೂ ವರದಿಯಾಗದೆ ಪ್ರೋಗ್ರಾಮ್ ಓಡಿಬಿಡಬಹುದು. ನಾಲ್ಕು ಪ್ರೊಸೆಸ್ ಕೇಳಿದ್ದರೆ ನಾಲ್ಕೂ ‘ಒಟ್ಟು 1ರಲ್ಲಿ ನಾನು 0ನೆಯದು’ ಎಂದು ಹೇಳುತ್ತವೆ. ಅಂದರೆ ಒಂದೇ ಲೆಕ್ಕವನ್ನು ನಾಲ್ಕು ಸಲ ಬೇರೆ ಬೇರೆಯಾಗಿ ಮಾಡಿರುತ್ತವೆ. ಆ ಸಾಲು ಕಂಡ ಕೂಡಲೇ ‘ವಿಚ್’ ಆಜ್ಞೆಯಿಂದ ಎರಡೂ ಯಾವ ಡೈರೆಕ್ಟರಿಯಿಂದ ಬರುತ್ತಿವೆ ಎಂದು ನೋಡಿ.

ಪ್ರಶ್ನೆ: ಗದ್ದೆಯ ಪಂಪ್‌ಸೆಟ್ಟಿಗೆ ಟೈಮರ್ ಮಾಡುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ‘ಜಿಸಿಸಿ’ಯಿಂದ ಸಿದ್ಧಪಡಿಸಿದ ಪ್ರೋಗ್ರಾಮನ್ನು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ನಕಲು ಮಾಡಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುತ್ತದೆ. ಮುಂದೆ ಆರ್ಡುಯಿನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡ್ ಬಳಸುವ ಆಲೋಚನೆಯೂ ಇದೆ. – ಮಂಡ್ಯದ ರೈತ ಓದುಗರು

ಉತ್ತರ: ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿಯದಾಗಿರಬೇಕು, ಪೈಯೊಳಗಿನದು ಆರ್ಮ್. ಒಂದರ ಯಂತ್ರಭಾಷೆ ಇನ್ನೊಂದಕ್ಕೆ ತಿಳಿಯದು. ಬರೀ ‘ಜಿಸಿಸಿ’ ಎಂದರೆ ‘ನಾನು ಕೂತಿರುವ ಈ ಯಂತ್ರಕ್ಕೆ’ ಎಂದು ಅರ್ಥ. ‘ಫೈಲ್’ ಎಂಬ ಆಜ್ಞೆಗೆ ಪ್ರೋಗ್ರಾಮಿನ ಹೆಸರು ಕೊಟ್ಟರೆ ಅದು ಯಾವ ಪ್ರೊಸೆಸರಿಗೆ ತಯಾರಾದದ್ದು ಎಂದು ತಿಳಿಯುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ಮೂಲ ಫೈಲನ್ನೇ ಪೈಗೆ ಒಯ್ದು ಅಲ್ಲೇ ‘ಜಿಸಿಸಿ’ ಕೊಡುವುದು. ಟೈಮರಿನಷ್ಟು ಚಿಕ್ಕ ಪ್ರೋಗ್ರಾಮಿಗೆ ಇದೇ ಉತ್ತಮ. ಲ್ಯಾಪ್‌ಟಾಪಿನಲ್ಲೇ ಮಾಡಬೇಕೆಂದರೆ ಕ್ರಾಸ್ ಕಂಪೈಲರ್, ಅಂದರೆ ಬೇರೆ ಬಗೆಯ ಪ್ರೊಸೆಸರಿಗೆ ಯಂತ್ರಭಾಷೆ ಬರೆಯುವ ಕಂಪೈಲರ್, ಬೇಕು. ಪೈಯಲ್ಲಿ ಡೆಬಿಯನ್ನಿನ ‘ಡಿಪಿಕೆಜಿ’ ಆಜ್ಞೆಯಿಂದ ಆರ್ಕಿಟೆಕ್ಚರ್ ಕೇಳಿ: ‘ಆರ್ಮ್64’ ಎಂದರೆ ‘ಎಆರ್ಚ್64-ಲಿನಕ್ಸ್-ಗ್ನೂ-ಜಿಸಿಸಿ’ಯನ್ನೂ, ‘ಆರ್ಮ್‌ಎಚ್‌ಎಫ್’ ಎಂದರೆ ‘ಆರ್ಮ್-ಲಿನಕ್ಸ್-ಗ್ನೂಇಎಬಿಐಎಚ್‌ಎಫ್-ಜಿಸಿಸಿ’ಯನ್ನೂ ಬಳಸಿ. ಹೆಸರು ಉದ್ದವಾದರೂ ಅರ್ಥ ಸರಳ: ಮೊದಲು ಪ್ರೊಸೆಸರ್, ಆಮೇಲೆ ಆಪರೇಟಿಂಗ್ ಸಿಸ್ಟಮ್, ಆಮೇಲೆ ಲೈಬ್ರರಿಯ ಬಗೆ, ಕೊನೆಗೆ ನಮ್ಮ ಹಳೆಯ ಜಿಸಿಸಿ. ‘ಯುನೇಮ್’ ಆಜ್ಞೆಯೊಂದನ್ನೇ ನಂಬಬೇಡಿ. 64 ಬಿಟ್ ಕರ್ನೆಲ್ಲಿನ ಮೇಲೆ 32 ಬಿಟ್ ಪ್ರೋಗ್ರಾಮುಗಳನ್ನು ಇಟ್ಟಿರುವ ಪೈಗಳಲ್ಲಿ ಅದು ದಾರಿ ತಪ್ಪಿಸುತ್ತದೆ.

ಆರ್ಡುಯಿನೊ ಯುನೋದ ಆಟ್‌ಮೆಗಾ328ಪಿ ಚಿಪ್ಪಿಗೆ ಬೇಕಾದ್ದು ‘ಎವಿಆರ್-ಜಿ++’; ಆರ್ಡುಯಿನೊ ತಂತ್ರಾಂಶದಲ್ಲಿ ಬಟನ್ ಒತ್ತಿದಾಗ ಒಳಗೆ ಅದೇ ಓಡುತ್ತದೆ, ನೀವು ಆಜ್ಞೆ ಬರೆಯಬೇಕಾಗಿಲ್ಲ. ಆದರೆ ಪಂಪಿನ ವಿಷಯವಾದ್ದರಿಂದ ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಆ ಚಿಪ್ಪಿನಲ್ಲಿ ಇಂಟ್ ಎಂದರೆ, ಮೇಲೆ ಹೇಳಿದ ಟರ್ಬೊದಂತೆ, 16 ಬಿಟ್. ಒಂದು ನಿಮಿಷ ಪಂಪ್ ಓಡಲಿ ಎಂದು ‘ಡಿಲೇ’ಗೆ 60 ಗುಣಿಸು 1000 ಎಂದು ಬರೆದಿರೆನ್ನಿ. ಲ್ಯಾಪ್‌ಟಾಪಿನಲ್ಲಿ ಅದು 60000. ಚಿಪ್ಪಿನಲ್ಲಿ ಅದು -5536 ಆಗುತ್ತದೆ. ‘ಡಿಲೇ’ಗೆ ಋಣಸಂಖ್ಯೆ ತಿಳಿಯದು, ಅದನ್ನು 4294961760 ಮಿಲಿಸೆಕೆಂಡ್ ಎಂದು ಓದಿಕೊಂಡು ನಲವತ್ತೊಂಬತ್ತು ದಿನಗಳಿಗೂ ಹೆಚ್ಚು ಕಾಲ ಕಾಯುತ್ತದೆ, ಅಷ್ಟೂ ದಿನ ಪಂಪ್ ಓಡುತ್ತಲೇ ಇರುತ್ತದೆ. 60 ಎಂಬುದಕ್ಕೆ ಅಂಟಿದಂತೆ ದೊಡ್ಡಕ್ಷರದ ‘ಯುಎಲ್’ ಸೇರಿಸಿದರೆ ಲೆಕ್ಕ 32 ಬಿಟ್‌ನಲ್ಲಿ ನಡೆದು ಸರಿಯಾಗುತ್ತದೆ. ಆರ್ಡುಯಿನೊ ತಂತ್ರಾಂಶದ ಪ್ರಿಫರೆನ್ಸಸ್‌ನಲ್ಲಿ ಕಂಪೈಲರ್ ಎಚ್ಚರಿಕೆಗಳನ್ನು ‘ಆಲ್’ ಎಂದು ಇಟ್ಟುಕೊಳ್ಳಿ, ಇಂಥ ಸಾಲನ್ನು ಕಂಪೈಲರೇ ಬೆರಳಿಟ್ಟು ತೋರಿಸುತ್ತದೆ. ಮೋಟರಿಗೆ ಜೋಡಿಸುವ ಮೊದಲು ಒಂದು ಬಲ್ಬಿಗೆ ಜೋಡಿಸಿ, ಗಡಿಯಾರ ಹಿಡಿದು ಪರೀಕ್ಷಿಸಿ.

ಪ್ರಶ್ನೆ: ಮೇಕ್‌ಫೈಲ್ ಇಲ್ಲದೆಯೇ ‘ಮೇಕ್’ ಆದ ಮೇಲೆ ಪ್ರೋಗ್ರಾಮಿನ ಹೆಸರು ಕೊಟ್ಟರೂ ಪ್ರೋಗ್ರಾಮ್ ತಯಾರಾಗುತ್ತದೆ. ಮೇಕ್ ಯಾವ ಕಂಪೈಲರನ್ನು ಆರಿಸಿಕೊಳ್ಳುತ್ತದೆ? – ಶಿವಮೊಗ್ಗದ ಓದುಗರು

ಉತ್ತರ: ಗ್ನೂ ಮೇಕ್‌ಗೆ ಹುಟ್ಟಿನಿಂದ ಬಂದ ಕೆಲವು ನಿಯಮಗಳಿವೆ. ‘ಲೆಕ್ಕ.ಸಿ’ ಇದ್ದರೆ ‘ಮೇಕ್ ಲೆಕ್ಕ’ ಎಂದಾಗ ‘ಸಿಸಿ’ಯನ್ನು ಕರೆಯುತ್ತದೆ, ‘ಲೆಕ್ಕ.ಸಿಪಿಪಿ’ ಇದ್ದರೆ ‘ಜಿ++’ ಅನ್ನು ಕರೆಯುತ್ತದೆ. ಆದರೆ ಮೇಕ್‌ಫೈಲಿನಲ್ಲಿ ‘ಲೆಕ್ಕ’ ಎಂಬ ಪ್ರೋಗ್ರಾಮ್ ‘ಲೆಕ್ಕ.ಓ’, ‘ಬಡ್ಡಿ.ಓ’ ಎಂಬ ಆಬ್ಜೆಕ್ಟ್ ಫೈಲುಗಳಿಂದ ಆಗಬೇಕೆಂದಷ್ಟೇ ಬರೆದು ಆಜ್ಞೆಯ ಸಾಲನ್ನು ಬರೆಯದೆ ಬಿಟ್ಟರೆ, ಅವು ಸಿ++ನಿಂದ ಬಂದವೋ ಸಿಯಿಂದ ಬಂದವೋ ನೋಡದೆ ಲಿಂಕ್ ಮಾಡಲು ‘ಸಿಸಿ’ಯನ್ನೇ ಕರೆಯುತ್ತದೆ, ದಾವಣಗೆರೆಯ ಓದುಗರಿಗೆ ಬಂದ ದೋಷ ನಿಮಗೂ ಬರುತ್ತದೆ. ಲಿಂಕ್ ಮಾಡುವ ಸಾಲನ್ನು, ಅದರ ಆರಂಭದಲ್ಲಿ ಒಂದು ಟ್ಯಾಬ್ ಒತ್ತಿ, ನೀವೇ ಬರೆದು, ಅದರಲ್ಲಿ ದೊಡ್ಡಕ್ಷರದ ‘ಸಿಎಕ್ಸ್‌ಎಕ್ಸ್’ ಎಂಬ ಚರಾಂಶವನ್ನು ಬಳಸಿ; ಮೇಕ್ ಅದನ್ನು ‘ಜಿ++’ ಎಂದು ಓದಿಕೊಳ್ಳುತ್ತದೆ. ಅನುಮಾನ ಬಂದಾಗ ‘ಮೇಕ್ -ಎನ್’ ಕೊಟ್ಟರೆ ಏನನ್ನೂ ಓಡಿಸದೆ, ಓಡಿಸಲಿರುವ ಆಜ್ಞೆಗಳನ್ನು ಮಾತ್ರ ಪರದೆಯ ಮೇಲೆ ತೋರಿಸುತ್ತದೆ.